ಮೆತ್ತನೆಯ ಸಂಗೀತ ಯಾರಪ್ಪನ ಸೊತ್ತು?

ಯಡಿಯೂರಿನ ಅಂಗಡಿಕಾರ ಬಂಧುವೊಬ್ಬರು ಕಳೆದ ವಾರ ನಮ್ಮನ್ನು ಒಂದು ಪ್ರಶ್ನೆ ಕೇಳಿದರು. ಅದಕ್ಕೆ ಉತ್ತರವನ್ನು ನಿಂತ ನಿಲುವಿನಲ್ಲಿ ಹೇಳಲು ನಮ್ಮಿಂದ ಆಗಲಿಲ್ಲ. ಆದುದರಿಂದ ಇಲ್ಲಿ ಬರೆಯುತ್ತಿದ್ದೇವೆ.

ಸಂಜೆ ದೀಪ ಹಚ್ಚುವ ಹೊತ್ತು. ಸಿದ್ಧಲಿಂಗೇಶ್ವರ ಸ್ವಾಮಿಯ ಗುಡಿಗೆ ಬಂದ ಜನ ಕರಗಿದ್ದರು. ಹೆದ್ದಾರಿಯ ಬಸ್ಸಿಗಾಗಿ ಕಾಯುತ್ತ ನಾವು ಆ ಬಂಧುವಿನ ಅಂಗಡಿಯ ಮುಂದಿನ ಬೆಂಚಿನ ಮೇಲೆ ಕುಳಿತಿದ್ದೆವು. ತೆಂಗಿನಕಾಯಿ, ಕರ್ಪೂರ, ವಿಭೂತಿ, ಕಡ್ಲೆಪುರಿಯ ಸಣ್ಣ ಅಂಗಡಿ. ಜೊತೆಗಿದ್ದ ತರುಣ ಮಿತ್ರ ತನ್ನ ಮೊಬೈಲಿನಲ್ಲಿ ಒಂದು ಪಿಯಾನೊ ರೆಕಾರ್ಡು ಹಾಕಿದ್ದ. ಮೆಲ್ಲನೆಯ ಪಿಯಾನೊ, ಅದರ ಹಿಂದೆ ರೇಷ್ಮೆ ಹಾಸಿದ ಹಾಗೆ ಪಿಟೀಲುಗಳ ಗುಂಪು. ಅಂಗಡಿಯ ಬಂಧು ಸ್ವಲ್ಪ ಹೊತ್ತು ಕೇಳಿ, ‘ಅಲ್ಲ ಸ್ವಾಮಿ, ಬಡವರ ಪಕ್ಷ ಅಂತೀರಿ. ಇದು ದೊಡ್ಡೋರು ಹೋಟ್ಲಲ್ಲಿ ಕೂತು ಕೇಳೋ ಸಂಗೀತ. ನಿಮಗ್ಯಾಕೆ ಇದು?’ ಎಂದರು.

ಪ್ರಶ್ನೆ ನ್ಯಾಯವಾದದ್ದೇ. ಇಂಥ ಸಂಗೀತವನ್ನು ನಾವೆಲ್ಲ ಮೊದಲು ಕೇಳಿದ್ದು ಎಲ್ಲಿ? ದೊಡ್ಡ ಹೋಟೆಲಿನ ಬಾಗಿಲಲ್ಲಿ, ಲಿಫ್ಟಿನೊಳಗೆ, ವಿಮಾನ ನಿಲ್ದಾಣದಲ್ಲಿ. ಅಂದರೆ ನಮ್ಮವರು ಗಿರಾಕಿಗಳಾಗಿ ಹೋಗದೆ ಕೆಲಸದವರಾಗಿ ಹೋಗುವ ಜಾಗಗಳಲ್ಲಿ. ಹೀಗಿರುವಾಗ ಅದು ಧಣಿಗಳ ಸಂಗೀತವೆಂದು ತೋರುವುದು ಸಹಜ. ಆದರೆ ಒಂದು ವಸ್ತು ಯಾರ ಮನೆಯಲ್ಲಿದೆ ಎಂಬುದೂ ಅದನ್ನು ಯಾರು ಮಾಡಿದರೆಂಬುದೂ ಬೇರೆ ಬೇರೆ ಪ್ರಶ್ನೆಗಳು. ಗಿರಣಿಯಲ್ಲಿ ದುಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಒಳ್ಳೆಯ ಬಟ್ಟೆ ನೇಯ್ದವನು ಅದನ್ನು ಉಟ್ಟದ್ದು ಎಷ್ಟು ಸಲ?

ಅಂದು ಕೇಳುತ್ತಿದ್ದ ರೆಕಾರ್ಡಿನ ಹೆಸರು ‘ದಿ ಪಿಯಾನೊ ಸ್ಟೈಲ್ ಆಫ್ ನ್ಯಾಟ್ ಕಿಂಗ್ ಕೋಲ್’. 1955ರಲ್ಲಿ ಅಮೆರಿಕದ ಕ್ಯಾಪಿಟಲ್ ಕಂಪನಿ ಧ್ವನಿಮುದ್ರಿಸಿದ್ದು. ಕೋಲ್ ಜಗತ್ತಿಗೆಲ್ಲ ಗಾಯಕರೆಂದೇ ಪರಿಚಿತರು, ಆದರೆ ಈ ರೆಕಾರ್ಡಿನಲ್ಲಿ ಅವರು ಬಾಯಿ ತೆರೆಯುವುದಿಲ್ಲ. ಬೆರಳು ಮಾತ್ರ ಮಾತಾಡುತ್ತದೆ. ಪಿಯಾನೊ ನೋಡದವರಿಗೆ ಒಂದು ಮಾತು: ಹಾರ್ಮೋನಿಯಮ್ಮಿನ ಹಾಗೆ ಕರಿಯ ಬಿಳಿಯ ಮನೆಗಳಿರುತ್ತವೆ, 88 ಮನೆಗಳು, ಆದರೆ ನಾದ ಹುಟ್ಟುವುದು ಗಾಳಿಯಿಂದಲ್ಲ. ಮನೆಯನ್ನು ಒತ್ತಿದರೆ ಒಳಗೆ ಉಣ್ಣೆ ಹೊದಿಸಿದ ಪುಟ್ಟ ಸುತ್ತಿಗೆಯೊಂದು ತಂತಿಯನ್ನು ಬಡಿಯುತ್ತದೆ. ಕಬ್ಬಿಣದ ಚೌಕಟ್ಟು, ಉಕ್ಕಿನ ತಂತಿ, ಮರ, ಸುತ್ತಿಗೆ. ಕುಲುಮೆಯವರೂ ಬಡಗಿಗಳೂ ಸೇರಿ ಮಾಡಿದ ವಾದ್ಯವಿದು.

ಜಾಜ್ ಎಂಬುದು ಹೇಗೆ ಹುಟ್ಟಿತೆಂದು ನಮ್ಮ ಓದುಗರಲ್ಲಿ ಹಲವರು ಬಲ್ಲರು. ಗುಲಾಮರಾಗಿ ತರಲ್ಪಟ್ಟವರ ಮೊಮ್ಮಕ್ಕಳು ಅಮೆರಿಕದ ತೆಂಕಣ ಊರುಗಳಲ್ಲಿ ಕಟ್ಟಿದ ಸಂಗೀತ ಅದು. ಎರಡನೆಯ ಮಹಾಯುದ್ಧದ ಬಳಿಕ, 1949–50ರ ಸುಮಾರಿಗೆ, ಮೈಲ್ಸ್ ಡೇವಿಸ್, ಗಿಲ್ ಇವಾನ್ಸ್ ಮೊದಲಾದವರು ಅದರ ವೇಗವನ್ನು ತಗ್ಗಿಸಿ, ಗದ್ದಲವನ್ನು ಕಳೆದು, ನಿಧಾನವಾಗಿ ಉಸಿರಾಡುವಂತೆ ಮಾಡಿದರು. ಅದಕ್ಕೆ ‘ಕೂಲ್’, ಅಂದರೆ ತಣ್ಣಗಿನ ಜಾಜ್ ಎಂದು ಹೆಸರಾಯಿತು. ಕೋಲ್‌ರ ಈ ರೆಕಾರ್ಡು ಆ ತಂಪನ್ನೂ ಸಿನಿಮಾ ಸಂಗೀತದ ಸೊಗಸನ್ನೂ ಕೂಡಿಸಿಕೊಂಡದ್ದು. ನಮ್ಮ ಅಭಿಪ್ರಾಯ ಕೇಳಿದರೆ, ಅಲ್ಲಲ್ಲಿ ಪಾಯಸಕ್ಕೆ ಬೆಲ್ಲ ಒಂದು ಹಿಡಿ ಹೆಚ್ಚಾಗಿದೆ. ಆದರೂ ಆ ಬೆರಳುಗಳ ಹಗುರ, ಒಂದು ಸ್ವರ ಹೇಳಿ ಇನ್ನೊಂದನ್ನು ಹೇಳದೆ ಬಿಡುವ ಆ ಸಂಯಮ ಸುಲಭಕ್ಕೆ ಬರುವಂಥದಲ್ಲ. ಪಿಟೀಲುಗಳ ಹಾಸಿಗೆ ನಮ್ಮ ಓದುಗರಿಗೆ ಹೊಸದೇನೂ ಅಲ್ಲ. ಮೈಸೂರಿನ ಸೋದರರಾದ ರಾಜನ್–ನಾಗೇಂದ್ರ 1974ರ ‘ಎರಡು ಕನಸು’ ಚಿತ್ರಕ್ಕೆ ಕೂಡಿಸಿದ ಸಂಗೀತವನ್ನು ಕೇಳಿದವರಿಗೆ, ಒಂದು ಒಂಟಿ ದನಿಯ ಹಿಂದೆ ಹತ್ತಾರು ಕಮಾನುಗಳು ಹೇಗೆ ಏಳುತ್ತವೆಂದು ಗೊತ್ತು.

ಈಗ ಈ ಕೋಲ್ ಯಾರು? 1919ರ ಮಾರ್ಚ್ 17ರಂದು ಅಲಬಾಮಾ ಪ್ರಾಂತದ ಮಾಂಟ್‌ಗೊಮರಿಯಲ್ಲಿ ಒಬ್ಬ ಕರಿಯ ಪಾದ್ರಿಯ ಮಗನಾಗಿ ಹುಟ್ಟಿದವರು. ತಾಯಿ ಇಗರ್ಜಿಯಲ್ಲಿ ಆರ್ಗನ್ ನುಡಿಸುತ್ತಿದ್ದರು, ಮಗನಿಗೆ ಮೊದಲ ಪಾಠವೂ ಆಕೆಯದೇ. ಹೆಸರು ಬಂತು, ಹಣ ಬಂತು. 1948ರಲ್ಲಿ ಲಾಸ್ ಏಂಜಲಿಸ್‌ನ ಹ್ಯಾನ್‌ಕಾಕ್ ಪಾರ್ಕ್ ಎಂಬ ಬಿಳಿಯರ ಬಡಾವಣೆಯಲ್ಲಿ ಮನೆ ಕೊಂಡರೆ, ಅನಪೇಕ್ಷಿತರು ಇಲ್ಲಿಗೆ ಬರಕೂಡದೆಂದು ನೆರೆಯವರು ಅಡ್ಡಗಾಲು ಹಾಕಿದರು. ಅಂಥವರು ಯಾರಾದರೂ ಕಣ್ಣಿಗೆ ಬಿದ್ದರೆ ಮೊದಲು ದೂರು ಕೊಡುವವನು ತಾನೇ ಎಂದು ಕೋಲ್ ಹೇಳಿದರಂತೆ. 1956ರ ಏಪ್ರಿಲ್ 10ರಂದು ಅದೇ ಅಲಬಾಮಾದ ಬರ್ಮಿಂಗ್‌ಹ್ಯಾಮ್‌ನಲ್ಲಿ ಅವರು ಹಾಡುತ್ತಿದ್ದಾಗ ಬಿಳಿಯರ ಗುಂಪೊಂದು ವೇದಿಕೆಗೆ ನುಗ್ಗಿ ಹಲ್ಲೆ ಮಾಡಿತು. ಆ ವರ್ಷದ ಕೊನೆಗೆ ದೂರದರ್ಶನದಲ್ಲಿ ಅವರ ಕಾರ್ಯಕ್ರಮ ಆರಂಭವಾಯಿತು. ದೇಶಮಟ್ಟದ ಜಾಹೀರಾತುದಾರ ಒಬ್ಬನೂ ಮುಂದೆ ಬರದೆ 1957ರ ಡಿಸೆಂಬರಿನಲ್ಲಿ ನಿಂತಿತು. ಕರಿಯನ ಸಂಗೀತ ಮನೆಯೊಳಗೆ ಬರಬಹುದು, ಕರಿಯ ಮಾತ್ರ ಬೀದಿಗೂ ಬರಬಾರದು! ನಮ್ಮ ಊರುಗಳಲ್ಲಿ ತಮಟೆಯವರನ್ನು ಮದುವೆಗೂ ಜಾತ್ರೆಗೂ ಕರೆಸಿ, ಊಟದ ಹೊತ್ತಿಗೆ ದೂರ ಕೂರಿಸಿದವರಿಗೆ ಈ ನ್ಯಾಯ ಅಪರಿಚಿತವಲ್ಲ.

ಕೋಲ್‌ರನ್ನು ನಾವು ಹೊಗಳಿ ಅಟ್ಟಕ್ಕೇರಿಸುವುದಿಲ್ಲ. ಬರ್ಮಿಂಗ್‌ಹ್ಯಾಮ್‌ನಲ್ಲಿ ಅಂದು ಎದುರಿಗೆ ಕುಳಿತಿದ್ದವರು ಬಿಳಿಯರು ಮಾತ್ರ. ಅಂಥ ಸಭೆಯಲ್ಲಿ ಹಾಡಲು ಒಪ್ಪಿದ್ದೇಕೆಂದು ಅವರ ಜನರೇ ಅವರನ್ನು ಕಟುವಾಗಿ ಟೀಕಿಸಿದರು. ಟೀಕೆ ಸರಿಯಾಗಿತ್ತೆಂದೇ ನಮ್ಮ ಎಣಿಕೆ. ಏಕೆಂದರೆ ಅದೇ ತಿಂಗಳುಗಳಲ್ಲಿ, ಅವರು ಹುಟ್ಟಿದ ಮಾಂಟ್‌ಗೊಮರಿಯಲ್ಲಿ, ಅಡಿಗೆಯವರು, ಬಟ್ಟೆ ಒಗೆಯುವವರು, ಕೂಲಿಯವರು ಬಸ್ಸು ಬಹಿಷ್ಕರಿಸಿ ಕಾಲ್ನಡಿಗೆಯಲ್ಲಿ ಕೆಲಸಕ್ಕೆ ಹೋಗುತ್ತಿದ್ದರು. 1955ರ ಡಿಸೆಂಬರಿನಿಂದ ಒಂದು ವರ್ಷಕ್ಕೂ ಮಿಕ್ಕಿ ನಡೆದು ನಡೆದೇ ಅವರು ಗೆದ್ದರು. ಹಲ್ಲೆಯ ನಂತರ ಕೋಲ್ ಕರಿಯರ ಹಕ್ಕಿನ ಸಂಘಕ್ಕೆ ಆಜೀವ ಸದಸ್ಯರಾದರು. ತಡವಾಯಿತು, ಆದರೂ ಆಯಿತು.

ಇನ್ನು ಆ ಪಿಟೀಲುಗಳ ಹಾಸಿಗೆಯನ್ನು ಹೊಲಿದವರು. ಅವರ ಹೆಸರು ನೆಲ್ಸನ್ ರಿಡಲ್. ಯಾವ ವಾದ್ಯ ಎಲ್ಲಿ ಏಳಬೇಕು, ಎಲ್ಲಿ ಸುಮ್ಮನಿರಬೇಕು ಎಂದು ಪ್ರತಿಯೊಂದು ಸ್ವರವನ್ನೂ ಕಾಗದದ ಮೇಲೆ ಬರೆಯುವ ಕೆಲಸ. 1950ರಲ್ಲಿ ಕೋಲ್ ಹಾಡಿದ ‘ಮೋನಾಲಿಸಾ’ ಎಂಬ ಹಾಡು ಜಗತ್ತನ್ನೇ ಸುತ್ತಿತು. ಅದರ ವಾದ್ಯ ಸಂಯೋಜನೆ ರಿಡಲ್‌ರದು. ಆದರೆ ರೆಕಾರ್ಡಿನ ಮೇಲೆ ಅಚ್ಚಾದದ್ದು ವಾದ್ಯವೃಂದದ ಮುಖ್ಯಸ್ಥ ಲೆಸ್ ಬ್ಯಾಕ್ಸ್‌ಟರ್ ಹೆಸರು! ದುಡಿದವನೊಬ್ಬ, ಮೊಹರು ಇನ್ನೊಬ್ಬನದು. ಮುಂಬಯಿಯ ಹಿಂದಿ ಚಿತ್ರಸಂಗೀತದ ಕಥೆಯೂ ಹೀಗೆಯೇ. ಶಂಕರ್–ಜೈಕಿಶನ್‌ರ ಹಾಡುಗಳಿಗೆ ವಾದ್ಯಗಳನ್ನು ಜೋಡಿಸಿದ ಗೋವೆಯ ಸೆಬಾಸ್ಟಿಯನ್ ಡಿಸೋಜಾರ ಹೆಸರು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು?

ಇದೇ ಬಗೆಯ ಇನ್ನೊಬ್ಬ ಪಿಯಾನೊ ವಾದಕ ಜಾರ್ಜ್ ಶಿಯರಿಂಗ್. ಇವರೂ 1919ರಲ್ಲೇ ಹುಟ್ಟಿದವರು, ಆಗಸ್ಟ್ 13ರಂದು, ಲಂಡನ್ನಿನ ಬ್ಯಾಟರ್‌ಸೀ ಎಂಬ ಕೂಲಿಕಾರರ ಕೇರಿಯಲ್ಲಿ. ತಂದೆ ಮನೆಮನೆಗೆ ಕಲ್ಲಿದ್ದಲು ಹಾಕುವವರು. ತಾಯಿ ಹಗಲು ಮಕ್ಕಳನ್ನು ನೋಡಿಕೊಂಡು ರಾತ್ರಿ ರೈಲು ಡಬ್ಬಿಗಳನ್ನು ಗುಡಿಸುವವರು. ಒಂಬತ್ತು ಮಕ್ಕಳಲ್ಲಿ ಕಡೆಯವನಾದ ಇವರಿಗೆ ಹುಟ್ಟುಕುರುಡು. 1956ರ ಇವರ ಒಂದು ರೆಕಾರ್ಡಿಗೆ ಕಂಪನಿ ಇಟ್ಟ ಹೆಸರು ‘ವೆಲ್ವೆಟ್ ಕಾರ್ಪೆಟ್’, ಅಂದರೆ ಮಕಮಲ್ಲಿನ ರತ್ನಗಂಬಳಿ. ಮುಂದಿನ ವರ್ಷದ್ದು ‘ಬ್ಲ್ಯಾಕ್ ಸ್ಯಾಟಿನ್’. ಇದ್ದಿಲು ಹೊತ್ತವನ ಕಣ್ಣಿಲ್ಲದ ಮಗ ಮಕಮಲ್ಲನ್ನು ನುಡಿಸಿದ, ಅದನ್ನು ಹೋಟೆಲಿನವರು ಕೊಂಡುಕೊಂಡರು. 1962ರಲ್ಲಿ ಕೋಲ್‌ರ ಹಾಡಿಗೆ ಶಿಯರಿಂಗ್ ಪಿಯಾನೊ ನುಡಿಸಿದ ರೆಕಾರ್ಡೂ ಹೊರಬಂತು. ಅದನ್ನು ಕೇಳಿ, ಇದು ಧಣಿಗಳ ಸಂಗೀತ ಎನ್ನುವ ಧೈರ್ಯ ನಮಗಂತೂ ಇಲ್ಲ.

ಅಂಗಡಿಯ ಬಂಧುವಿಗೆ ಪಿಯಾನೊ ಎಂದರೆ ದೊಡ್ಡವರ ವಸ್ತು ಎನಿಸಿದ್ದಕ್ಕೆ ನಮ್ಮ ನಾಡಿನಲ್ಲೇ ಒಂದು ಕಾರಣವಿದೆ. ನಮ್ಮಲ್ಲಿ ಪಿಯಾನೊ ಇದ್ದದ್ದು ಅರಮನೆಯಲ್ಲಿ. ಸೋಜಿಗವೇನೆಂದರೆ, ಅದನ್ನು ನುಡಿಸುತ್ತಿದ್ದವರು ಹುಟ್ಟಿದ್ದೂ ಅದೇ 1919ರಲ್ಲಿ, ಜುಲೈ 18ರಂದು. ಮೈಸೂರಿನ ಕೊನೆಯ ಮಹಾರಾಜ ಜಯಚಾಮರಾಜೇಂದ್ರ ಒಡೆಯರು. 1940ರಲ್ಲಿ ಪಟ್ಟಕ್ಕೆ ಬಂದರು. ಪಾಶ್ಚಾತ್ಯ ಸಂಗೀತವನ್ನು ಶಾಸ್ತ್ರೋಕ್ತವಾಗಿ ಕಲಿತಿದ್ದರು. ಮುಂದೆ ಕರ್ನಾಟಕ ಸಂಗೀತದಲ್ಲಿ ‘ಶ್ರೀವಿದ್ಯಾ’ ಅಂಕಿತದಿಂದ 94 ಕೃತಿಗಳನ್ನು ರಚಿಸಿದ ಯೋಗ್ಯರು. ವ್ಯಕ್ತಿಯ ಯೋಗ್ಯತೆಯ ಬಗ್ಗೆ ನಮ್ಮ ತಕರಾರಿಲ್ಲ.

ನಿಕೊಲಾಯ್ ಮೆಟ್ನರ್ ಎಂಬ ರಷ್ಯನ್ ಪಿಯಾನೊ ವಾದಕ ಕ್ರಾಂತಿಯ ತರುವಾಯ ದೇಶ ಬಿಟ್ಟು, 1935ರಿಂದ ಲಂಡನ್ನಿನಲ್ಲಿ ನೆಲಸಿ, ಯುದ್ಧಕಾಲದಲ್ಲಿ ಆದಾಯವಿಲ್ಲದೆ ಕಾಯಿಲೆಯಿಂದ ಸೊರಗುತ್ತಿದ್ದರು. ಯುದ್ಧ ಮುಗಿದ ಮೇಲೆ ಮೈಸೂರಿನ ಮಹಾರಾಜರು ಹಣ ಕೊಟ್ಟು ಅವರ ಹೆಸರಿನಲ್ಲಿ ಒಂದು ಸಂಘವನ್ನೇ ಮಾಡಿಸಿದರು. ಅದರ ಫಲವಾಗಿ 1947ರಲ್ಲಿ ಮೆಟ್ನರ್ ತಾವು ರಚಿಸಿದ ಮೂರು ಕಾನ್ಸರ್ಟೊಗಳನ್ನು, ಅಂದರೆ ಪಿಯಾನೊ ಮುಂದೆ, ನೂರಾಳಿನ ವಾದ್ಯವೃಂದ ಹಿಂದೆ ಇರುವ ದೊಡ್ಡ ಕೃತಿಗಳನ್ನು, ಫಿಲ್‌ಹಾರ್ಮೊನಿಯಾ ವೃಂದದೊಡನೆ ನುಡಿಸಿ ರೆಕಾರ್ಡು ಮಾಡಿದರು. ಮೂರನೆಯದನ್ನು ಮಹಾರಾಜರಿಗೇ ಅರ್ಪಿಸಿದರು. 1951ರಲ್ಲಿ ಮೆಟ್ನರ್ ತೀರಿಕೊಂಡರು. ಮೈಸೂರಿನ ಹಣ ಇಲ್ಲದಿದ್ದರೆ ಆ ಬೆರಳಿನ ನಾದ ಇಂದು ಈ ಪ್ರಮಾಣದಲ್ಲಿ ಉಳಿಯುತ್ತಿರಲಿಲ್ಲ. ಬೊಲ್ಷೆವಿಕರಿಗೆ ಹೆದರಿ ಓಡಿದವನನ್ನು ರಾಜನೊಬ್ಬ ಸಾಕಿದ ಎಂದು ನಗುವ ಎಡಪಂಥೀಯ ಮಿತ್ರರಿದ್ದಾರೆ. ನಾವು ನಗುವುದಿಲ್ಲ. ಆ ವೃಂದವನ್ನು ಕಟ್ಟಿದ ವಾಲ್ಟರ್ ಲೆಗ್ ಮೈಸೂರಿಗೆ ಬಂದು ಹೋದವರು. ವರ್ಷಕ್ಕೆ 10,000 ಪೌಂಡಿನಂತೆ ಮೂರು ವರ್ಷ ನೆರವು ಕೊಡಲು ಮಹಾರಾಜರು ಒಪ್ಪಿದರೆಂದೂ, ಅರಮನೆಯಲ್ಲಿ ಸಾವಿರಾರು ರೆಕಾರ್ಡುಗಳೂ ಹಲವು ಪಿಯಾನೊಗಳೂ ಇದ್ದುವೆಂದೂ ಅವರು ಬರೆದಿಟ್ಟಿದ್ದಾರೆ.

ನಮ್ಮ ತಕರಾರು ಬೇರೆ ಕಡೆ. 1947 ಎಂದರೆ ಯಾವ ವರ್ಷ? ಮೈಸೂರು ಚಲೋ ನಡೆದ ವರ್ಷ. ಜವಾಬ್ದಾರಿ ಸರಕಾರ ಕೊಡಿ ಎಂದು ಕೇಳಿದ ಜನರ ಮೇಲೆ ಲಾಠಿ, ಗೋಲಿ ನಡೆದ ವರ್ಷ. ಮೈಸೂರಿನ ವಿದ್ಯಾರ್ಥಿ ರಾಮಸ್ವಾಮಿ ಗುಂಡಿಗೆ ಬಲಿಯಾದದ್ದು ಆ ಸೆಪ್ಟೆಂಬರಿನಲ್ಲೇ. ಇಂದು ಆ ನಗರದ ಒಂದು ವೃತ್ತಕ್ಕೆ ಅವನ ಹೆಸರಿದೆ. ಲಂಡನ್ನಿನಲ್ಲಿ ಮೃದುವಾದ ಪಿಯಾನೊ, ಮೈಸೂರಿನ ಬೀದಿಯಲ್ಲಿ ಬಂದೂಕು. ಎರಡಕ್ಕೂ ಖರ್ಚಾದ ಹಣ ಎಲ್ಲಿಯದು? ಕೋಲಾರದ ಗಣಿಯ ಆಳದಿಂದ, ಭದ್ರಾವತಿಯ ಕುಲುಮೆಯಿಂದ, ಗುಬ್ಬಿ–ಕುಣಿಗಲಿನ ರೈತ ತೆತ್ತ ಕಂದಾಯದಿಂದ ಬಂದದ್ದು. ಸ್ವಾತಂತ್ರ್ಯ ಬಂದ ಮೇಲೂ ಮೈಸೂರು ಅರಮನೆಗೆ ವರ್ಷಕ್ಕೆ 26 ಲಕ್ಷ ರೂಪಾಯಿ ರಾಜಧನ ಗೊತ್ತಾಯಿತು. ಸಂವಿಧಾನದ 26ನೆಯ ತಿದ್ದುಪಡಿಯಿಂದ ಅದು ನಿಂತದ್ದು 1971ರಲ್ಲಿ. ಹಣ ಕೊಟ್ಟ ಗಣಿಯವನಿಗೆ, ರೈತನಿಗೆ ಆ ರೆಕಾರ್ಡುಗಳಲ್ಲಿ ಒಂದಾದರೂ ಕಿವಿಗೆ ಬಿತ್ತೆ? ಮಹಾರಾಜರು ಮಾಡಿದ್ದು ದಾನ. ನಾವು ಕೇಳುತ್ತಿರುವುದು ದಾಸೋಹ.

ಈ ವ್ಯತ್ಯಾಸವನ್ನು ಯಡಿಯೂರಿನವರಿಗೆ ಬಿಡಿಸಿ ಹೇಳುವುದು ಅಧಿಕಪ್ರಸಂಗ. ದಾನದಲ್ಲಿ ಕೈ ಮೇಲಿರುತ್ತದೆ, ಬೊಗಸೆ ಕೆಳಗಿರುತ್ತದೆ. ದಾಸೋಹದಲ್ಲಿ ಪಂಕ್ತಿಯೊಂದೇ ಇರುತ್ತದೆ. ತೋಂಟದ ಸಿದ್ಧಲಿಂಗರ ಪರಂಪರೆ ಮಾಡಿದ ಇನ್ನೊಂದು ಕೆಲಸವನ್ನೂ ಇಲ್ಲಿ ನೆನೆಯಬೇಕು. ಅಂಬಿಗನೂ ಮಾದಾರನೂ ಹೇಳಿದ ಮಾತುಗಳು ಚೆದುರಿ ಹೋಗುವ ಕಾಲದಲ್ಲಿ ಈ ಸೀಮೆಯ ಶರಣರು ಓಲೆಗಳನ್ನು ಹುಡುಕಿ ಕೂಡಿಸಿದರು. ನಮ್ಮ ತುಮಕೂರಿನ ಮಗ್ಗುಲ ಗೂಳೂರಿನ ಸಿದ್ಧವೀರಣ್ಣೊಡೆಯರು ಶೂನ್ಯಸಂಪಾದನೆಯನ್ನು ಸಂಕಲಿಸಿದ್ದು ಆ ಪರಂಪರೆಯಲ್ಲೇ. ಓಲೆ ಕಟ್ಟನ್ನು ಅರಮನೆಯ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ್ದರೆ ಇಂದು ಯಾರ ಬಾಯಲ್ಲಿ ವಚನ ಇರುತ್ತಿತ್ತು? ಹತ್ತಿರದ ಕಾಲದ ಉದಾಹರಣೆ ಬೇಕೆಂದರೆ, 1935ರಲ್ಲಿ ಮಹಾರಾಜಾ ಕಾಲೇಜಿನ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ಹೂಡಿ, ‘ಆಕಾಶವಾಣಿ’ ಎಂದು ಹೆಸರಿಟ್ಟರು. ರಾಜರ ಬೊಕ್ಕಸದ ಮುಂದೆ ಮೇಷ್ಟರ ಸಂಬಳ ಎಷ್ಟರದು? ಆದರೂ ಅವರು ಕಳಿಸಿದ ನಾದ ರೇಡಿಯೊ ಇದ್ದ ಮನೆಯ ಜಗಲಿಗೆಲ್ಲ ಬಂತು.

ಈಗ ರೇಡಿಯೊ ಏಕೆ, ಎಲ್ಲ ರೆಕಾರ್ಡೂ ಮೊಬೈಲಿನಲ್ಲಿ ಸಿಗುತ್ತದಲ್ಲ, ಮತ್ತೇನು ನಿಮ್ಮ ಗೋಳು ಎಂದು ಕೇಳುವವರುಂಟು. ಆ ಮಾತಿಗೆ ಉತ್ತರ ಅಂದು ಅದೇ ಬೆಂಚಿನ ಮೇಲೆ ಕುಳಿತಿತ್ತು.

ನಮ್ಮ ಪಕ್ಕದಲ್ಲಿದ್ದ ಹಿರಿಯರು ದೂರದ ಹತ್ತಿಗಿರಣಿಯೊಂದರಲ್ಲಿ ಇಪ್ಪತ್ತಾರು ವರ್ಷ ಮಗ್ಗಗಳ ನಡುವೆ ದುಡಿದು ಊರಿಗೆ ಮರಳಿದವರು. ರೆಕಾರ್ಡು ಮುಗಿದಾಗ ನಾವು ಆ ಪಿಟೀಲುಗಳು ಕೊನೆಯಲ್ಲಿ ಹೇಗೆ ಎಳೆಯೆಳೆಯಾಗಿ ಮೇಲಕ್ಕೆ ಹೋದವೆಂದು ಹೊಗಳುತ್ತಿದ್ದೆವು. ಅವರು, ‘ಪೆಟ್ಟಿಗೆ ಬಾರ್ಸಿದ್ದು ಕೇಳಿಸ್ತು ಕಣಪ್ಪ. ಪಿಟೀಲು ಎಲ್ಲಿತ್ತು?’ ಎಂದರು.

ತಮಾಷೆಯಲ್ಲ, ಅವರಿಗೆ ನಿಜವಾಗಿಯೇ ಕೇಳಿಸಿರಲಿಲ್ಲ. ಮಗ್ಗದ ಸದ್ದು ಕಿವಿಯನ್ನು ಒಂದೇ ಏಟಿಗೆ ಕೊಲ್ಲುವುದಿಲ್ಲ. ಒಳಗಿವಿಯಲ್ಲಿ ಕೂದಲಿನಂಥ ಸೂಕ್ಷ್ಮ ಎಳೆಗಳಿರುವ ಜೀವಕೋಶಗಳಿವೆ. ವರ್ಷಗಟ್ಟಲೆ ಅಬ್ಬರ ಬಡಿದರೆ ಅವು ಸಾಯುತ್ತವೆ. ಸತ್ತವು ಮತ್ತೆ ಹುಟ್ಟುವುದಿಲ್ಲ. ಮೊದಲು ಹೋಗುವುದು ಸೆಕೆಂಡಿಗೆ 4,000 ಕಂಪನಗಳ ಸುತ್ತಿನ ಎತ್ತರದ ನಾದ. ಪಿಟೀಲಿನ ಮಿಂಚು, ಹಕ್ಕಿಯ ಉಲಿ, ಮೊಮ್ಮಗುವಿನ ತೊದಲಿನಲ್ಲಿ ಸ, ಶ, ತ ಅಕ್ಷರಗಳು ಇರುವುದು ಆ ಎತ್ತರದಲ್ಲಿ. ಗಟ್ಟಿ ಮಾತು ಕೇಳಿಸುತ್ತಿರುತ್ತದೆ, ಆದುದರಿಂದ ತನ್ನ ಕಿವಿ ಹೋಗಿದೆಯೆಂದು ಕಾರ್ಮಿಕನಿಗೇ ತಿಳಿಯುವುದಿಲ್ಲ. ಕಾರ್ಖಾನೆಯ ನಿಯಮಗಳು ಎಂಟು ಗಂಟೆಗೆ 90 ಡೆಸಿಬೆಲ್ ಎಂದು ಗೆರೆ ಎಳೆದಿವೆ. ಎಂಟು ಗಂಟೆಗೆ! ಹೊತ್ತು ಹೆಚ್ಚಾದಷ್ಟೂ ಗೆರೆ ಕೆಳಗಿಳಿಯಬೇಕು, ಅದು ಲೆಕ್ಕ.

ಹೊತ್ತಿನ ವಿಷಯಕ್ಕೆ ಬಂದೆವು. 1948ರ ಕಾರ್ಖಾನೆ ಕಾಯಿದೆ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಎಂದಿತ್ತು. 2023ರ ಫೆಬ್ರವರಿಯಲ್ಲಿ ಕರ್ನಾಟಕದ ವಿಧಾನಸಭೆ ಅದನ್ನು ತಿದ್ದಿ, ವಾರದ ಮಿತಿಯನ್ನು ಹಾಗೆಯೇ ಇಟ್ಟು, ದಿನಕ್ಕೆ 12 ಗಂಟೆಯವರೆಗೆ ದುಡಿಸಿಕೊಳ್ಳಲು ದಾರಿ ಮಾಡಿತು. ಮೂರು ತಿಂಗಳಿಗೆ 75 ಗಂಟೆ ಇದ್ದ ಓವರ್‌ಟೈಮನ್ನು 145ಕ್ಕೆ ಏರಿಸಿತು. ಕಾರ್ಮಿಕನ ಲಿಖಿತ ಒಪ್ಪಿಗೆ ಬೇಕಂತೆ. ಗೇಟಿನ ಹೊರಗೆ ಹತ್ತು ಜನ ಕೆಲಸಕ್ಕೆ ಕಾಯುತ್ತಿರುವಾಗ ಒಳಗಿನವನು ಕೊಡುವ ಒಪ್ಪಿಗೆ ಎಂಥದೆಂದು ಶಾಸಕರಿಗೆ ಗೊತ್ತಿಲ್ಲವೆ? ಹನ್ನೆರಡು ಗಂಟೆ ದುಡಿದು, ಹೋಗಿ ಬರುವ ಎರಡು ಗಂಟೆ ಕಳೆದು, ಉಂಡು ಮಲಗುವವನಿಗೆ ಮೊಬೈಲಿನಲ್ಲಿ ಲೋಕದ ಸಂಗೀತವೆಲ್ಲ ಇದ್ದರೇನು, ಇಲ್ಲದಿದ್ದರೇನು? ಮೆತ್ತನೆಯ ಸಂಗೀತಕ್ಕೆ ಮೊದಲು ಬೇಕಾದದ್ದು ಪಿಯಾನೊ ಅಲ್ಲ. ಒಂದು ಸಂಜೆ, ಮತ್ತು ಕೇಳಿಸುವ ಕಿವಿ. ಇವೆರಡನ್ನೂ ಕಸಿದುಕೊಂಡು, ‘ನಿಮ್ಮ ಜನಕ್ಕೆ ಇದರ ರುಚಿ ಇಲ್ಲ’ ಎನ್ನುವವರಿಗೆ ನಾಚಿಕೆಯಾಗಬೇಕು.

ಅಂಗಡಿಕಾರರ ಪಾಡೂ ಬೇರೆಯಲ್ಲ. ಬೆಳಗಿನ ಐದಕ್ಕೆ ಬಾಗಿಲು ತೆಗೆದು ರಾತ್ರಿ ಹತ್ತಕ್ಕೆ ಹಾಕುವವರಿಗೆ ಯಾವ ಕಾಯಿದೆಯ ಮಿತಿಯೂ ಇಲ್ಲ. ಹೆದ್ದಾರಿಯ ಲಾರಿಗಳ ಹಾರ್ನೇ ಅವರ ವಾದ್ಯವೃಂದ. ಆದರೆ ಅವರ ಕೈಯಲ್ಲಿ ಒಂದು ಹಿಡಿ ಇದೆ. 1965ರ ಸಾರ್ವಜನಿಕ ಗ್ರಂಥಾಲಯ ಕಾಯಿದೆಯಂತೆ ಆಸ್ತಿ ತೆರಿಗೆಯ ಜೊತೆ ರೂಪಾಯಿಗೆ 6 ಪೈಸೆ ಗ್ರಂಥಾಲಯ ಕರವನ್ನು ವಸೂಲು ಮಾಡುತ್ತಾರೆ. ತೆರುವವರು ನೀವು. ಹಳ್ಳಿಯ ಗ್ರಂಥಾಲಯಗಳಿಗೆ ಈಗ ‘ಅರಿವು ಕೇಂದ್ರ’ ಎಂದು ಹೆಸರು ಬಂದಿದೆ. ಕಂಪ್ಯೂಟರೂ ಬಂದಿದೆ. ಅಲ್ಲಿ ವಾರಕ್ಕೆ ಎರಡು ಸಂಜೆ, ಒಂದೊಂದು ಗಂಟೆ, ಬಾಗಿಲು ಹಾಕಿ ಒಳ್ಳೆಯ ಪೆಟ್ಟಿಗೆಯಲ್ಲಿ ಸಂಗೀತ ಕೇಳಿಸಲು ಏನು ಅಡ್ಡಿ? ಪಿಟೀಲು ಚೌಡಯ್ಯನವರದೂ ಇರಲಿ, ಕೋಲ್‌ರದೂ ಇರಲಿ, ಮೈಸೂರಿನ ಹಣದಿಂದಲೇ ಉಳಿದ ಮೆಟ್ನರ್‌ರದೂ ಇರಲಿ. ಜೊತೆಗೆ ಆರೋಗ್ಯ ಇಲಾಖೆಯವರು ವರ್ಷಕ್ಕೊಮ್ಮೆ ಅದೇ ಕೋಣೆಯಲ್ಲಿ ಗಿರಣಿ, ಗಾರ್ಮೆಂಟು, ಕಲ್ಲುಕೋರೆಯವರ ಕಿವಿ ಪರೀಕ್ಷೆ ನಡೆಸಲಿ. ಇದಕ್ಕೆ ಕೋಟಿ ಬೇಡ.

ಯಡಿಯೂರಿನ ಬಂಧು ಇದನ್ನೆಲ್ಲ ಫೋನಿನಲ್ಲಿ ಕೇಳಿಸಿಕೊಂಡು, ‘ಆ ಪೆಟ್ಟಿಗೆ ಬಾರಿಸೋರು ಇದ್ದಿಲಿನವನ ಮಗ ಅಂತ ಮೊದಲೇ ಹೇಳಬಾರದಿತ್ತೇ?’ ಎಂದರು. ಇದ್ದಿಲಿನವನ ಮಗ ಇನ್ನೊಬ್ಬರು, ಇವರು ಪಾದ್ರಿಯ ಮಗ ಎಂದು ತಿದ್ದಿದೆವು. ಪಂಚಾಯಿತಿಗೆ ಕೊಡಬೇಕಾದ ಅರ್ಜಿಯ ಒಕ್ಕಣೆಯನ್ನು ನಾವು ಬರೆದು ಕಳಿಸಿದ್ದೇವೆ. ಬಂಧುಗಳು ಸಹಿ ಹಾಕಿ, ಅಕ್ಕಪಕ್ಕದ ಏಳು ಅಂಗಡಿಯವರಿಂದಲೂ ಹಾಕಿಸಿದ್ದಾರೆ. ಗಿರಣಿಯ ಹಿರಿಯರು ಕಿವಿ ಪರೀಕ್ಷೆಯ ಮಾತನ್ನು ಅರ್ಜಿಯ ತಲೆಗೆ ತರಬೇಕೆಂದು ಹಟ ಹಿಡಿದರು. ತಂದಿದ್ದೇವೆ.